ಮೀನೆಣ್ಣೆ ಬಳಿದ ಸೈನ್ಯ

ಮೊನ್ನೆಯಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಕಾರಣ ಕೇಳಿದರೆ ನೀವು ನಗುತ್ತೀರಿ. ನನ್ನ ಮೊಮ್ಮಗಳು ಊಟದ ಮೇಜಿನ ತುಂಬ ಬೆರಳುದ್ದದ ಸೈನಿಕರನ್ನು ಹರಡಿಕೊಂಡು ಕೂತಿದ್ದಳು. ಎಲ್ಲರೂ ರಾಜರ ಕಾಲದವರು, ಕತ್ತಿ ಗುರಾಣಿ ಹಿಡಿದವರು. ಆದರೆ ಕೆಲವರು ಒಂದು ಕಂಪನಿ ಮಾಡಿದವರಂತೆ, ಕೆಲವರು ಇನ್ನೊಂದು ಕಂಪನಿಯವರಂತೆ. "ಅಜ್ಜಿ, ಇವನ ತಲೆ ಅವನ ಮೈಗೆ ಕೂರುವುದಿಲ್ಲ. ಇವನ ಪಕ್ಕ ಅವನನ್ನು ನಿಲ್ಲಿಸಿದರೆ ಅಪ್ಪ ಮಗನ ಹಾಗೆ ಕಾಣ್ತಾರೆ" ಎಂದು ಮುಖ ಸಪ್ಪೆ ಮಾಡಿದಳು. ನಾನು ಕನ್ನಡಕ ಏರಿಸಿಕೊಂಡು ಒಬ್ಬೊಬ್ಬರನ್ನೇ ಎತ್ತಿ ನೋಡಿ, "ಗಿಡ್ಡ ಇದ್ದವನ ಕಾಲಡಿ ಎಂತಾದ್ರೂ ಒಂದು ಚೂರು ಇಡು. ಉದ್ದ ಇದ್ದವನನ್ನ ಹಿಂದೆ ನಿಲ್ಲಿಸು. ಕುತ್ತಿಗೆ ಸೇರಿದ ಜಾಗ ಕಾಣದ ಹಾಗೆ ಒಂದು ಶಾಲು ಸುತ್ತು" ಎಂದೆ. ಅವಳು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದಳು.

"ಅಜ್ಜಿ, ನಿಂಗೆ ಇದೆಲ್ಲ ಹೆಂಗೆ ಗೊತ್ತು?"

ಹೆಂಗೆ ಗೊತ್ತು ಅಂತೆ! ಆ ಒಂದು ಮಾತಿಗೆ ನಾನು ಬಾಣಲೆಗೆ ಬಿದ್ದ ಪೂರಿಯ ಹಾಗೆ ಉಬ್ಬಿದೆ. ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು, ಬಾಗಿಲಲ್ಲಿ ಮೀನಿನವಳು ಕೂಗಿ ಕೂಗಿ ಮುಂದಿನ ಮನೆಗೆ ಹೋದಳು, ನನಗೆ ಪರಿವೆಯೇ ಇಲ್ಲ. ಹೇಳಿದ್ದೇ ಹೇಳಿದ್ದು. ಕಡೆಗೆ ಅವಳೇ, "ಸಾಕು ಅಜ್ಜಿ, ಉಳಿದದ್ದು ಬರೆದಿಡು" ಎಂದಳು. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಒತ್ತಕ್ಷರ ಬಂದಲ್ಲಿ ನನ್ನ ಪೆನ್ನು ದಾರಿ ತಪ್ಪುತ್ತದೆ. ಆದರೂ ಹೊಗಳಿಸಿಕೊಂಡ ಮೇಲೆ ಕೈ ಸುಮ್ಮನಿರುತ್ತದೆಯೇ? ಬರೆಯುತ್ತಿದ್ದೇನೆ.

ಭಟ್ಕಳದ ಬಂದರದಿಂದ ನನ್ನನ್ನು ಹೊನ್ನಾವರಕ್ಕೆ ಕೊಟ್ಟದ್ದು ಅರವತ್ತನೇ ಇಸವಿಯ ಆಚೀಚೆ. ನನ್ನ ಅಪ್ಪ ದೋಣಿಗಳಿಗೆ ಎಣ್ಣೆ ಹೊಡೆಯುವ ಕೆಲಸ ಮಾಡುತ್ತಿದ್ದರು. ಬಂದರದಲ್ಲಿ ಬೆಳೆದವರ ಗಂಟಲು ನಿಮಗೆ ಗೊತ್ತಲ್ಲ, ಸಮುದ್ರದ ಸದ್ದಿನ ಮೇಲೆ ಕೂಗಿಯೇ ಅಭ್ಯಾಸ. ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು. ಕೇಳುವವರು ಬೇಕು ಅಂತ ಯಾರಿಗೂ ಅನಿಸುತ್ತಿರಲಿಲ್ಲ. ಅಂಥಲ್ಲಿಂದ ಬಂದವಳಿಗೆ ಸಿಕ್ಕಿದ ಗಂಡ ಎಂಥವರು? ಶರಾವತಿಯಲ್ಲಿ ಹೊನ್ನಾವರದಿಂದ ಗೇರುಸೊಪ್ಪೆಗೆ ಹೋಗುವ ಲಾಂಚಿನಲ್ಲಿ ಟಿಕೆಟು ಹರಿಯುವವರು. ನೋಡಲು ಲಕ್ಷಣವಾಗಿದ್ದರು, ಮೀಸೆ ಚೆಂದ ಇತ್ತು. "ಹುಡುಗನಿಗೆ ಮಾತು ಕಮ್ಮಿ. ಒಳ್ಳೇದೇ ಆತು, ಜಗಳ ಇಲ್ಲ" ಎಂದು ಅಮ್ಮ ಸಮಾಧಾನ ಹೇಳಿ ಕಳಿಸಿದ್ದರು.

ಕಮ್ಮಿ ಎಲ್ಲಿ ಬಂತು, ಇದ್ದದ್ದೇ ಎರಡು ಮಾತು. ಒಂದು "ಹೂಂ", ಇನ್ನೊಂದು "ಆತು".

"ಸಾರಿಗೆ ಉಪ್ಪು ಸಮ ಆಯ್ತಾ?"

"ಆತು."

"ಬೆಳಿಗ್ಗೆ ಬೇಗ ಎಬ್ಬಿಸಬೇಕಾ?"

"ಹೂಂ."

ಒಂದು ದಿನ ಬೇಕೆಂದೇ ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದೆ. ಬೈಯಲಿ, ತಟ್ಟೆ ತಳ್ಳಲಿ, ಏನಾದರೂ ಒಂದು ಉದ್ದದ ಮಾತು ಬಾಯಿಂದ ಹೊರಡಲಿ ಅಂತ ಆಸೆ. ಅವರು ಉಂಡರು, ಒಂದು ತಂಬಿಗೆ ನೀರು ಕುಡಿದರು, ಮತ್ತೊಂದು ತಂಬಿಗೆ ಕುಡಿದರು, "ಆತು" ಎಂದು ಎದ್ದು ಹೋದರು. ಅದೇ ಸಾರು ಉಂಡ ಅತ್ತೆ ಮಾತ್ರ ನನ್ನ ತವರಿನ ಏಳು ತಲೆಮಾರನ್ನು ನೆನೆಸಿಕೊಂಡರು.

ನನಗೆ ಬಳೆ ಬೇಡ, ಸೀರೆ ಬೇಡ. ಈ ಮನುಷ್ಯ ನನ್ನ ಎದುರು ಕೂತು ನಾಲ್ಕು ಮಾತು ಆಡಬೇಕು, ಅಷ್ಟೇ ಬೇಕಾಗಿತ್ತು. ಹಗಲಿಡೀ ಅದೇ ಯೋಚನೆ. ಆ ಕಾಲದಲ್ಲಿ ಅಂಥದ್ದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? "ಗಂಡ ಹೊಡೀತಾನೆ" ಅಂದರೆ ಕೇಳುವವರಿದ್ದರು, "ಗಂಡ ಮಾತಾಡೂದಿಲ್ಲ" ಅಂದರೆ "ಪುಣ್ಯವಂತೆ" ಅನ್ನುತ್ತಿದ್ದರು.

ಹೀಗಿರುವಾಗ ಒಂದು ಭಾನುವಾರ ಮಧ್ಯಾಹ್ನ ಒಳಕೋಣೆಯ ಬಾಗಿಲು ಹಾಕಿತ್ತು. ನಾನು ಒಣಗಿದ ಬಟ್ಟೆ ಮಡಚುತ್ತ ಆ ಕಡೆ ಹೋದೆ. ಒಳಗಿನಿಂದ ಗಂಡನ ದನಿ!

"ನೀ ಮುಂದೆ ಹೋಗು. ನೀ ಅಲ್ಲೇ ನಿಲ್ಲು. ಏಯ್ ಬೊಜ್ಜದವನೆ, ನಿಂಗೆ ಎಷ್ಟು ಸಲ ಹೇಳೂದು, ಬಾಗಿಲಿಗೆ ಅಡ್ಡ ನಿಲ್ಲೂಕಾಗ ಅಂತ?"

ನನ್ನ ಕೈಯಲ್ಲಿದ್ದ ಬಟ್ಟೆ ಬಿತ್ತು. ಕೋಣೆಯೊಳಗೆ ಅವರೊಬ್ಬರೇ ಎಂದು ನನಗೆ ಗೊತ್ತಿತ್ತು. ಬಂದರದಲ್ಲಿ ಯಾರಾದರೂ ಒಬ್ಬರೇ ಮಾತಾಡಿದರೆ ನಾವು ಯೋಚನೆ ಮಾಡುತ್ತ ಕೂರುವವರಲ್ಲ. ಅಡುಗೆಮನೆಗೆ ಓಡಿ ಮುಷ್ಟಿ ಉಪ್ಪು, ಮುಷ್ಟಿ ಒಣಮೆಣಸು ತಂದು ಕೋಣೆಯ ಬಾಗಿಲಿಗೇ ನಿವಾಳಿಸಿ, ಒಲೆಗೆ ಹಾಕಿದೆ. ಗಾಳಿ ಸೋಕಿದ್ದರೆ ಮೆಣಸಿನ ಘಾಟು ಬರುವುದಿಲ್ಲ ಅನ್ನುತ್ತಾರೆ. ಬಂತು. ಎಂಥ ಘಾಟು ಬಂತು ಅಂದರೆ, ಅತ್ತೆ ಕೆಮ್ಮುತ್ತ ಅಂಗಳಕ್ಕೆ ಓಡಿದರು, ಗಂಡ ಬಾಗಿಲು ತೆರೆದು ಕಣ್ಣು ಒರೆಸಿಕೊಳ್ಳುತ್ತ ಹಿಂದಿನ ಬಾಗಿಲಿಂದ ಹೊಳೆಯ ಕಡೆ ಹೋದವರು ಸಂಜೆಯವರೆಗೆ ಬರಲಿಲ್ಲ.

"ಎಂತಾತೇ ನಿಂಗೆ?" ಅತ್ತೆ ಕೂಗಿದರು.

"ಅತ್ತೆ, ಅವರಿಗೆ ಎಂತದೋ ಮೆಟ್ಟಿಕೊಂಡದೆ. ಒಳಗೆ ಒಬ್ಬರೇ ಮಾತಾಡ್ತಾ ಇದ್ರು."

ಅತ್ತೆ ನನ್ನ ಮುಖ ನೋಡಿದರು. ಆಮೇಲೆ ಅಂಗಳದ ಕಂಬ ಹಿಡಿದುಕೊಂಡು ನಗಲು ಶುರು ಮಾಡಿದರು. ಕೆಮ್ಮು ನಗು ಎರಡೂ ಒಟ್ಟಿಗೆ. "ಅದು ದೆವ್ವ ಅಲ್ದೇ ಮಾರಾಯ್ತಿ! ಅವನ ದಂಡು!" ಎಂದು ಒಳಗೆ ಕರೆದುಕೊಂಡು ಹೋಗಿ, ಮಂಚದ ಅಡಿಯಿಂದ ಒಂದು ಬಿಸ್ಕೀಟು ಡಬ್ಬ ಎಳೆದು ನನ್ನ ಮುಂದಿಟ್ಟರು.

ದಂಡು ಎಂದರೆ ನಿಜಕ್ಕೂ ದಂಡೇ. ಡಬ್ಬದ ತುಂಬ ಬೊಂಬೆ ಸೈನಿಕರು. ಆದರೆ ಒಬ್ಬನ ಹಾಗೆ ಇನ್ನೊಬ್ಬ ಇಲ್ಲ. ಕುಮಟೆಯ ಸಂತೆಯಲ್ಲಿ ಕುಂಬಾರರು ಮಾರುವ ಮಣ್ಣಿನ ಸಿಪಾಯಿಗಳಿಗೆ ಹೊಟ್ಟೆ ಮುಂದೆ ಬಂದಿತ್ತು. ಭಟ್ಕಳದ ಯಾವುದೋ ವ್ಯಾಪಾರಸ್ಥರ ಮನೆಯ ಮಕ್ಕಳು ಆಡಿ ಬಿಟ್ಟ ಸೀಸದ ಸೋಜಿರರು, ಅಂದರೆ ಬಿಳಿಯರ ಸಿಪಾಯಿಗಳು, ಕೆಂಪು ಕೋಟು ಹಾಕಿ ಬಂದೂಕು ಹಿಡಿದಿದ್ದರು, ಎತ್ತರ ನನ್ನ ಕಿರುಬೆರಳಿನಷ್ಟು. ಅರಗಿನ ಬಣ್ಣ ಹಾಕಿದ ಮರದ ಬೊಂಬೆಗಳಿಗೆ ಕಾಲೇ ಇಲ್ಲ, ಲಟ್ಟಣಿಗೆಗೆ ಮುಖ ಬರೆದ ಹಾಗೆ, ಸೋಜಿರರ ಎರಡರಷ್ಟು ಎತ್ತರ. ಇವರೆಲ್ಲರ ನಡುವೆ ಮುಂಬೈಯಿಂದ ಯಾರೋ ತಂದುಕೊಟ್ಟ ಪ್ಲಾಸ್ಟಿಕ್ಕಿನವರು, ತಲೆಯಿಂದ ಕಾಲಿನವರೆಗೆ ಹಸಿರೋ ಹಸಿರು, ಪಾಚಿ ಕಟ್ಟಿದ ಹಾಗೆ.

ಇದರ ಕತೆ ಅತ್ತೆಯೇ ಹೇಳಿದರು. ನನ್ನ ಗಂಡನ ಅಕ್ಕನನ್ನು ಕುಮಟೆಗೆ ಕೊಟ್ಟಿತ್ತು. ಆ ಭಾವ ಹರೆಯದಲ್ಲಿ ಮುಂಬೈಯಲ್ಲಿ ಇದ್ದವರು. ಅಲ್ಲಿ ಮರಾಠಿಯವರ ಮಕ್ಕಳು ದೀಪಾವಳಿಗೆ ಅಂಗಳದಲ್ಲಿ ಮಣ್ಣಿನ ಕೋಟೆ ಕಟ್ಟಿ ಬೊಂಬೆ ನಿಲ್ಲಿಸುವುದನ್ನು ನೋಡಿ ಬಂದಿದ್ದರು. ಅಲ್ಲಿ ಅದು ಮಕ್ಕಳ ಆಟ. ಕುಮಟೆಗೆ ಬರುವಾಗ ಅದಕ್ಕೆ ಮೀಸೆ ಬಂತು. ಭಾವ ಮತ್ತು ನನ್ನ ಗಂಡ, ಇಬ್ಬರೂ ಗಡ್ಡ ಹೆರೆಯುವ ಗಂಡಸರು, ಪ್ರತಿ ದೀಪಾವಳಿಗೂ ಭಾವನ ಅಂಗಳದಲ್ಲಿ ಕೋಟೆ ಕಟ್ಟಿ ಯುದ್ಧ ಮಾಡುತ್ತಿದ್ದರು. ಕೋಟೆಯ ಒಳಗೆ ಗೇರುಸೊಪ್ಪೆಯ ರಾಣಿಯ ಕಡೆಯವರು, ಅದು ನನ್ನ ಗಂಡನ ಪಾಲು. ಹೊರಗೆ ಹಡಗಿನಿಂದ ಇಳಿದು ಬರುವ ಪರಂಗಿಯವರು, ಅದು ಭಾವನ ಪಾಲು. ಕವಡೆ ಹಾಕುವುದು, ಎಷ್ಟು ಕವಡೆ ಅಂಗಾತ ಬಿತ್ತೋ ಅಷ್ಟು ಬೆರಳು ಮುಂದೆ ಹೋಗುವುದು. ಇಬ್ಬರು ಎದುರೆದುರಾದರೆ ಇಬ್ಬರ ಹೆಸರಲ್ಲೂ ಕವಡೆ, ಕಮ್ಮಿ ಬಿದ್ದವ ಸತ್ತ. ಸತ್ತವರನ್ನು ಹಾಕಿಡಲು ಒಂದು ತೆಂಗಿನ ಗರಟೆ. ಕೈ ತಾಗಿಯೋ ಗಾಳಿಗೋ ಬಿದ್ದರೂ ಸತ್ತ ಹಾಗೆಯೇ ಲೆಕ್ಕ.

ಭಾವನ ಹತ್ತಿರ ಇದ್ದದ್ದು ಒಂದೇ ಕಡೆ ಮಾಡಿದ, ಒಂದೇ ಅಚ್ಚಿನ ಸೀಸದ ಸೈನ್ಯ. ಮುಂಬೈಯಿಂದ ಪೆಟ್ಟಿಗೆ ಸಮೇತ ತರಿಸಿದ್ದು. ಎಲ್ಲರಿಗೂ ಒಂದೇ ಎತ್ತರ, ಒಂದೇ ಮೂಗು. ನನ್ನ ಗಂಡನ ದಂಡನ್ನು ನೋಡಿದ ಕೂಡಲೇ ಅವರು ಶುರು ಮಾಡುತ್ತಿದ್ದರಂತೆ: "ಇದು ಸೈನ್ಯವೋ, ಸಂತೆ ಮುಗಿಸಿ ಬಸ್ಸು ಕಾಯುವ ಜನವೋ?" ಅಷ್ಟೇ ಆದರೆ ಸಹಿಸಬಹುದಿತ್ತು. ಯಾರ ಕಡೆಯವ ಅಂತ ನೋಡಿದ ಕೂಡಲೇ ಗೊತ್ತಾಗದ ಸೈನಿಕ ಎದುರಾಳಿಯ ಪಾಲು ಎಂದು ಭಾವ ಒಂದು ನಿಯಮ ಬೇರೆ ಮಾಡಿಬಿಟ್ಟಿದ್ದರು. ಕೆಂಪು ಕೋಟಿನ ಸೋಜಿರರನ್ನು ತೋರಿಸಿ "ಇವ ಪರಂಗಿ, ನಮ್ಮವ" ಎಂದು ಎತ್ತಿ ಆಚೆ ಇಟ್ಟುಕೊಳ್ಳುತ್ತಿದ್ದರು. ಯುದ್ಧ ಶುರುವಾಗುವ ಮೊದಲೇ ರಾಣಿಯ ಅರ್ಧ ದಂಡು ಖಾಲಿ.

"ಪ್ರತಿ ವರ್ಷ ಸೋತು ಬತ್ತ. ಬಂದು ಎಂಟು ದಿನ ಯಾರ ಹತ್ರೂ ಮಾತಾಡೂದಿಲ್ಲ" ಎಂದರು ಅತ್ತೆ.

"ಉಳಿದ ದಿನ ಮಾತಾಡ್ತ್ರಾ ಅತ್ತೆ?" ಎಂದು ಕೇಳಿದೆ. ಅತ್ತೆ ನನ್ನ ಬೆನ್ನಿಗೆ ಒಂದು ಗುದ್ದಿದರು.

ಅವತ್ತಿಂದ ನನಗೆ ಆ ಬೊಂಬೆಗಳ ಮೇಲೆ ಹೊಟ್ಟೆಕಿಚ್ಚು. ನಗಬೇಡಿ. ಲಟ್ಟಣಿಗೆಯಂಥ ಮರದ ತುಂಡಿಗೆ ಸಿಗುವ ಮಾತು ಜೀವ ಇರುವ ಹೆಂಡತಿಗೆ ಇಲ್ಲ! ಸವತಿಯಾದರೂ ಇದ್ದಿದ್ದರೆ ಜಡೆ ಹಿಡಿದು ಎಳೆಯಬಹುದಿತ್ತು, ಇವರ ತಲೆಯ ಮೇಲೆ ಹಿಡಿಯುವುದಕ್ಕೆ ಕೂದಲೂ ಇಲ್ಲ.

ಒಂದು ದಿನ ಗುಡಿಸುವಾಗ ಮಂಚದ ಅಡಿಯಲ್ಲಿ ಕೈ ಮುರಿದ ಒಬ್ಬ ಮಣ್ಣಿನ ಸಿಪಾಯಿ ಸಿಕ್ಕಿದ. ಕೈ ಅಲ್ಲೇ ಪಕ್ಕದಲ್ಲಿತ್ತು. ಹಲಸಿನ ಮೇಣ ಬಿಸಿ ಮಾಡಿ ಕೂಡಿಸಿ, ಕಿಟಕಿಯ ದಂಡೆಯ ಮೇಲೆ ನಿಲ್ಲಿಸಿದೆ. ಸಂಜೆ ಗಂಡ ಅದನ್ನು ಎತ್ತಿ ತಿರುಗಿಸಿ ನೋಡಿದರು. ಮತ್ತೆ ಅಲ್ಲೇ ನಿಲ್ಲಿಸಿದರು. ಆದರೆ ಮರುದಿನ ಬೆಳಿಗ್ಗೆ ಅದೇ ದಂಡೆಯ ಮೇಲೆ, ಕಾಲು ಮುರಿದ ಇನ್ನೊಬ್ಬ ಮಲಗಿದ್ದ. ನಾನು ಅವನಿಗೆ ಪೊರಕೆಯ ಹಿಡಿಕಡ್ಡಿಯ ಕಾಲು ಕೊಟ್ಟೆ. ಅದರ ಮಾರನೇ ದಿನ ತಲೆ ಇಲ್ಲದವನೊಬ್ಬ. ಹೀಗೆ ಸುಮಾರು ತಿಂಗಳು ನಡೆಯಿತು. ಬಾಯಲ್ಲಿ ಮಾತಿಲ್ಲ, ದಂಡೆಯ ಮೇಲೆ ಗಾಯಾಳುಗಳು ಹೋಗುತ್ತ ಬರುತ್ತ ಇದ್ದರು. ನನಗೋ ಅದೇ ದೊಡ್ಡ ಪ್ರೇಮ. ನೆರೆಮನೆಯ ಹೆಂಗಸು, "ನಿನ್ನ ಗಂಡ ಎಂತ ತಂದುಕೊಟ್ಟ?" ಎಂದರೆ ನಾಚಿಕೊಂಡು ಒಳಗೆ ಓಡುತ್ತಿದ್ದೆ. ರುಂಡ ತಂದುಕೊಟ್ಟರು ಅಂತ ಹೇಳುವುದು ಹೇಗೆ?

ದೀಪಾವಳಿ ಹತ್ತಿರ ಬಂತು. ಗೇರುಸೊಪ್ಪೆಯ ಆಚೆ ಮೇಲೆ ಅಣೆಕಟ್ಟಿನ ಕೆಲಸಕ್ಕೆ ಹೋಗುವ ಜನರ ಗಡಿಬಿಡಿ, ಲಾಂಚಿಗೆ ಪುರುಸೊತ್ತಿಲ್ಲ. ಗಂಡ ಕೆಲವು ದಿನ ಗೇರುಸೊಪ್ಪೆಯಲ್ಲೇ ಉಳಿಯಬೇಕಾಯಿತು. ಡಬ್ಬ ಮನೆಯಲ್ಲಿತ್ತು. ನನಗೆ ಎಲ್ಲಿಲ್ಲದ ಹುರುಪು ಬಂತು. ಅವರು ಬರುವಷ್ಟರಲ್ಲಿ ಈ ಸಂತೆಯ ಜನರನ್ನೆಲ್ಲ ಒಂದು ಸೈನ್ಯ ಮಾಡಿಬಿಡಬೇಕು. ಭಾವನ ಬಾಯಿ ಮುಚ್ಚಬೇಕು, ಗಂಡನ ಬಾಯಿ ತೆರೆಯಬೇಕು. ಎರಡೂ ಒಂದೇ ಹೊಡೆತಕ್ಕೆ!

ಮೊದಲು ಸೋಜಿರರು. ರಾಣಿಯ ಕಾಲದವರ ಕೈಯಲ್ಲಿ ಅಂಥ ಬಂದೂಕು ಏಕೆ? ಅತ್ತೆಯ ಅಡಕತ್ತರಿ ತಂದು ಕಚಕ್ ಕಚಕ್ ಎಂದು ಕತ್ತರಿಸಿ, ಆ ಜಾಗಕ್ಕೆ ಹಿಡಿಕಡ್ಡಿಯ ಈಟಿ ಕೊಟ್ಟೆ. ಅಂದಿನಿಂದ ಅತ್ತೆಯ ಅಡಕತ್ತರಿ ಅಡಿಕೆಯನ್ನು ಬರೀ ಜಜ್ಜುತ್ತಿತ್ತು. ಉದ್ದ ಟೋಪಿಗಳನ್ನು ಅರ್ಧಕ್ಕೆ ತೆಗೆದು ಹೊಲಿಗೆ ನೂಲು ಸುತ್ತಿ ಮುಂಡಾಸು ಮಾಡಿದೆ. ಪ್ಲಾಸ್ಟಿಕ್ಕಿನವರ ಕುತ್ತಿಗೆಗೆ ಕಾಯಿಸಿದ ಹೇರ್‌ಪಿನ್ನು ಮುಟ್ಟಿಸಿದರೆ ತಲೆ ಬೆಣ್ಣೆಯ ಹಾಗೆ ಬರುತ್ತಿತ್ತು. ಆ ತಲೆ ಮಣ್ಣಿನವನಿಗೆ, ಮಣ್ಣಿನವನ ತಲೆ ಸೀಸದವನಿಗೆ. ಸೀಸದವ ಆ ಭಾರಕ್ಕೆ ಮುಂದೆ ಬಾಗಿ, ನೆಲದಲ್ಲಿ ಕಳೆದುಹೋದ ಮೂಗುತಿ ಹುಡುಕುವವನ ಹಾಗೆ ನಿಂತ. ಗಿಡ್ಡರ ಕಾಲಡಿ ಗರಟೆಯ ಚೂರು ಅಂಟಿಸಿದೆ. ಮರದ ಉದ್ದದವರನ್ನು ಏನು ಮಾಡುವುದು? ಭಾವನ ಅಂಗಳದ ಮಣ್ಣಲ್ಲಿ ಸೊಂಟದವರೆಗೆ ಹೂತರಾಯಿತು, ಸಸಿ ನೆಡಲು ಗದ್ದೆಗೆ ಇಳಿದವರ ಹಾಗೆ ಕಾಣುತ್ತಾರೆ ಎಂದುಕೊಂಡೆ. ಅವರಲ್ಲಿ ಒಬ್ಬಳು ಮಾತ್ರ ಹೆಣ್ಣು, ಹಣೆಗೆ ಕುಂಕುಮ ಇದ್ದವಳು. ಅವಳೇ ರಾಣಿ. ಅವಳಿಗೆ ನನ್ನ ಮದುವೆ ಸೀರೆಯ ಅಂಚಿನ ಜರಿ ಎಳೆ ಕಿತ್ತು ಸೊಂಟಪಟ್ಟಿ ಕಟ್ಟಿದೆ. ಗುರಾಣಿಗೆ ದೊಡ್ಡ ಮೀನಿನ ಹುರುಪೆ, ಒಣಗಿಸಿ, ಅಂಚು ಕತ್ತರಿಸಿ. ಬಿಸಿಲಿಗೆ ಹಿಡಿದರೆ ಫಳಫಳ!

ಎಲ್ಲ ಆದ ಮೇಲೆ ಸಾಲಾಗಿ ನಿಲ್ಲಿಸಿ ನೋಡಿದೆ. ಮರದವರನ್ನು ಬಿಟ್ಟರೆ ಎತ್ತರ ಹೆಚ್ಚುಕಮ್ಮಿ ಸಮ ಬಂದಿತ್ತು. ಆದರೆ ಬಣ್ಣ? ಹಸಿರು ತಲೆ, ಕೆಂಪು ಕೋಟು, ಹಳದಿ ಹೊಟ್ಟೆ. ಸಂತೆಯ ಜನ ಹೋಗಿ ನಾಟಕದ ಕಂಪನಿ ಬಂದ ಹಾಗಿತ್ತು.

ಆಗ ನನ್ನ ತಲೆಗೆ ಹೊಳೆಯಿತು, ನೋಡಿ. ಅದು ಹೊಳೆಯದೇ ಇದ್ದರೆ ಚೆನ್ನಾಗಿತ್ತು. ಬಂದರದಲ್ಲಿ ದೋಣಿಗಳಿಗೆ ಎಷ್ಟು ತೇಪೆ! ಒಂದು ಹಲಗೆ ಹಲಸಿನದು, ಒಂದು ಮಾವಿನದು, ಒಂದು ಎಲ್ಲಿಯದೋ. ಅಪ್ಪ ಮೀನೆಣ್ಣೆಗೆ ಕೆಮ್ಮಣ್ಣು, ಮಸಿ ಕಲಸಿ ಒಂದು ಸಲ ಎಳೆದರೆಂದರೆ ಇಡೀ ದೋಣಿ ಒಂದೇ ಮರದಿಂದ ಕಡೆದ ಹಾಗೆ ಕಾಣುತ್ತಿತ್ತು. ದೋಣಿಗೆ ಆಗುವುದು ಬೊಂಬೆಗೆ ಯಾಕಾಗಬಾರದು? ಭಟ್ಕಳಕ್ಕೆ ಹೋಗುವವರ ಹತ್ತಿರ ಹೇಳಿಕಳಿಸಿದೆ. ಅಪ್ಪ ಒಂದು ಸೀಸೆ ಎಣ್ಣೆ ಕೊಟ್ಟು, "ಯಾವಾಗ ದೋಣಿ ತಕೊಂಡ್ರು? ನಮಗೆ ಹೇಳಲೇ ಇಲ್ಲ" ಎಂದು ಕೇಳಿಕಳಿಸಿದರು.

ಕಲಸಿದೆ, ಬಳಿದೆ. ಅಹಾ, ಏನು ಚೆಂದ! ಮಣ್ಣು, ಮರ, ಸೀಸ, ಪ್ಲಾಸ್ಟಿಕ್ಕು ಎಲ್ಲ ಒಂದೇ ಕಂದು ಬಣ್ಣ, ಬಿಸಿಲಲ್ಲಿ ದುಡಿದ ಮೈಯ ಹಾಗೆ. ನಾನೇ ನನ್ನ ಬೆನ್ನು ತಟ್ಟಿಕೊಳ್ಳಲು ಕೈ ಹಿಂದೆ ಹಾಕಿದ್ದು ನೆನಪಿದೆ. ಒಣಗಲಿ ಎಂದು ಅಂಗಳದಲ್ಲಿ ಚಾಪೆ ಹಾಸಿ ಸಾಲಾಗಿ ಮಲಗಿಸಿದೆ. ದೋಣಿಯ ಮರ ಎಣ್ಣೆ ಕುಡಿಯುತ್ತದೆ, ಸೀಸ ಮತ್ತು ಪ್ಲಾಸ್ಟಿಕ್ಕು ಕುಡಿಯುವುದಿಲ್ಲ ಎಂಬ ಬುದ್ಧಿ ನನಗೆಲ್ಲಿಂದ ಬರಬೇಕು? ಅವು ಹೊತ್ತು ಏರಿದಷ್ಟೂ ಜಿಬಿಜಿಬಿ ಎನ್ನುತ್ತ, ವಾಸನೆ ಬಿಡುತ್ತ, ಮೀನಿನ ಹುರುಪೆ ಹೊಳೆಸುತ್ತ ಮಲಗಿದ್ದವು. ಮೇಲಿನಿಂದ ನೋಡುವವರಿಗೆ ಹೇಗೆ ಕಾಣಬೇಕು ಹೇಳಿ? ಒಣಗಲು ಹಾಕಿದ ಮೀನು!

ಮೊದಲು ಒಂದು ಕಾಗೆ ಬಂತು. ನಾನು "ಹುಶ್" ಎಂದೆ. ಅದು ಹೋಗಿ ತನ್ನ ಬಳಗವನ್ನೇ ಕರೆದುಕೊಂಡು ಬಂತು. ನಾನು ಪೊರಕೆ ಹಿಡಿದು ಅಂಗಳವಿಡೀ ಓಡಿದೆ, ಅತ್ತೆ ಒಳಗಿನಿಂದ ಕೋಲು ತಂದರು, ನೆರೆಮನೆಯವರು ಬೇಲಿಯ ಹತ್ತಿರ ನಿಂತು ನೋಡಿದರು. ಒಂದು ಕಾಗೆ ಸೋಜಿರನನ್ನು ಮಾಡಿನ ಹಂಚಿನ ಮೇಲೆ ಬಿಟ್ಟಿತು. ಇನ್ನೊಂದು ಬೊಜ್ಜದವನನ್ನು ಎತ್ತಲಾರದೆ ಮೂಗು ಕುಕ್ಕಿ ಹಾಕಿತು. ಮತ್ತೊಂದು, ನನ್ನ ಹಣೆಬರಹ, ರಾಣಿಯನ್ನೇ ಜರಿಪಟ್ಟಿ ಹಿಡಿದು ಎತ್ತಿಕೊಂಡು ಹೋಗಿ ಬಾವಿಯ ರಾಟೆಯ ಮೇಲೆ ಕೂತಿತು. ಕೊಕ್ಕಲ್ಲಿ ಒಮ್ಮೆ ಕುಕ್ಕಿ, ಮರ ಎಂದು ಗೊತ್ತಾಗಿ, ಬೇಸರ ಬಂದು ಬಿಟ್ಟಿತು. ಬುಳುಕ್!

ಸರಿಯಾಗಿ ಆಗಲೇ ಬೇಲಿಯ ಗೇಟು ಕಿರ್ರೆಂದಿತು. ಗೇರುಸೊಪ್ಪೆಯಿಂದ ಗಂಡ ಬಂದಿದ್ದರು.

ಅವರು ಚಾಪೆ ನೋಡಿದರು. ಹಂಚಿನ ಮೇಲೆ ನೋಡಿದರು. ಕೂದಲು ಬಿಚ್ಚಿಹೋಗಿ, ಮೊಣಕೈವರೆಗೆ ಕೆಮ್ಮಣ್ಣು ಎಣ್ಣೆ ಮೆತ್ತಿಕೊಂಡು, ಪೊರಕೆ ಹಿಡಿದು ನಿಂತ ನನ್ನನ್ನು ನೋಡಿದರು. ಮುಗಿಯಿತು, ಇನ್ನು ಕಿಟಕಿಯ ದಂಡೆಯ ಮೇಲೆ ಗಾಯಾಳುಗಳೂ ಬರುವುದಿಲ್ಲ ಎಂದುಕೊಂಡೆ.

"ರಾಣಿ ಎಲ್ಲಿ?" ಎಂದರು.

ನಾನು ಬಾವಿಯ ಕಡೆ ಕೈ ತೋರಿಸಿದೆ.

ಇಬ್ಬರೂ ಬಗ್ಗಿ ನೋಡಿದೆವು. ಮರದ ರಾಣಿ ಅಂಗಾತ ತೇಲುತ್ತಿದ್ದಳು, ಸುತ್ತ ಎಣ್ಣೆಯ ಬಣ್ಣಬಣ್ಣದ ಬಳೆ. ಅವರು ಕೊಡಪಾನ ಇಳಿಸಿದರು. ಕೊಡಪಾನ ಹತ್ತಿರ ಹೋದಂತೆ ಅವಳು ನುಣುಚಿ ಆಚೆ ಹೋಗುತ್ತಿದ್ದಳು. ನಾನು "ಈಚೆ, ಈಚೆ, ಇನ್ನು ಸ್ವಲ್ಪ" ಎನ್ನುತ್ತ ಅವರ ಹೆಗಲಿನ ಮೇಲೆಯೇ ಕೈ ಊರಿದ್ದೆ, ಆಮೇಲೆ ಗೊತ್ತಾದದ್ದು. ಅವರ ಬಿಳಿ ಅಂಗಿಯ ಮೇಲೆ ನನ್ನ ಐದು ಬೆರಳು ಕಂದಾಗಿ ಮೂಡಿತ್ತು. ಅಂತೂ ರಾಣಿ ಕೊಡಪಾನದಲ್ಲಿ ಕೂತು ಮೇಲೆ ಬಂದಳು. ಅವರು ಅವಳನ್ನು ಎತ್ತಿ ಮೂಸಿದರು. ಮೀಸೆ ನಡುಗಿತು. ಆಮೇಲೆ ಆ ಮನುಷ್ಯ ನಕ್ಕರು ನೋಡಿ! ಬಾವಿಕಟ್ಟೆಯ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕರು.

ಅತ್ತೆ ಬಂದು ಬಾವಿಗೆ ಇಣುಕಿ, "ಆತು. ಇನ್ನು ಸಾರಿಗೆ ಮೀನು ತರೂದು ಬೇಡ, ನೀರು ಕಾಯಿಸಿದ್ರೆ ಸಾಕು" ಎಂದರು.

ಇನ್ನು ಮಾತು ಬರುತ್ತದೆ ಎಂದು ನಾನು ಕಾದೆ. ಊಟಕ್ಕೆ ಬಡಿಸುವಾಗ ಬಳೆ ಸ್ವಲ್ಪ ಜಾಸ್ತಿಯೇ ಸದ್ದು ಮಾಡಿದೆ. "ಅನ್ನ ಹಾಕಲಾ?" "ಆತು." ಮತ್ತೆ ಅದೇ! ನಗು ಬಂದದ್ದು ಬಾವಿಯಲ್ಲೇ ಉಳಿಯಿತು. ಸೈನ್ಯವನ್ನು ಒರೆಸಿ, ಬೂದಿಯಲ್ಲಿ ಹೊರಳಿಸಿ ಡಬ್ಬಕ್ಕೆ ತುಂಬಿದರು, ಅದನ್ನೂ ಮಾತಿಲ್ಲದೆ. ಕುಮಟೆಗೆ ಹೊರಡುವ ದಿನ ಬೆಳಿಗ್ಗೆ ಮಾತ್ರ ಅಂಗಳದಲ್ಲಿ ತಮ್ಮ ಅಮ್ಮನ ಹತ್ತಿರ, "ಅವಳಿಗೂ ತಯಾರಾಗೂಕೆ ಹೇಳು" ಎಂದರು. ನಾನು ಎರಡು ಮಾರು ದೂರದಲ್ಲಿ ತುಳಸಿಗೆ ನೀರು ಹಾಕುತ್ತಿದ್ದೆ. ಅತ್ತೆ ನನ್ನ ಕಡೆ ತಿರುಗಿ, "ಕೇಳ್ತಾ? ನಿಂಗೆ ತಯಾರಾಗೂಕೆ ಹೇಳೂಕೆ ಹೇಳ್ದ" ಎಂದರು. ತಂಬಿಗೆ ಅಲ್ಲೇ ಬಿಟ್ಟು ಒಳಗೆ ಓಡಿದೆ.

ಬಸ್ಸಿನಲ್ಲಿ ನಾನು ಮುಂದೆ ಹೆಂಗಸರ ಸೀಟಿನಲ್ಲಿ, ಅವರು ಹಿಂದೆ ಡಬ್ಬ ತೊಡೆಯ ಮೇಲೆ ಇಟ್ಟುಕೊಂಡು. ಕಂಡಕ್ಟರು ಮೂಗು ಮುಚ್ಚಿ, "ಯಾರ್ರೀ ಅದು? ಮೀನಿನ ಡಬ್ಬ ಮೇಲೆ ಹಾಕಿ" ಎಂದು ಕೂಗಿದ. "ಮೀನಲ್ಲ" ಎಂದು ಹಿಂದಿನಿಂದ ದನಿ ಬಂತು. ಕಂಡಕ್ಟರು ನಂಬಲಿಲ್ಲ. ಡಬ್ಬ ತೆರೆಯಬೇಕಾಯಿತು. ಇಡೀ ಬಸ್ಸು ಎದ್ದು ನಿಂತು ಗೇರುಸೊಪ್ಪೆಯ ಸೈನ್ಯವನ್ನು ನೋಡಿತು. ನಾನು ಕಿಟಕಿಯ ಹೊರಗೆ ನೋಡುತ್ತ, ಆ ಡಬ್ಬಕ್ಕೂ ನನಗೂ ಸಂಬಂಧ ಇಲ್ಲದ ಮುಖ ಮಾಡಿದೆ. ಸೆರಗಿಗೇ ಎಣ್ಣೆ ವಾಸನೆ ಇದ್ದದ್ದರಿಂದ ಪಕ್ಕದ ಹೆಂಗಸು ಮೋಸ ಹೋಗಲಿಲ್ಲ.

ಕುಮಟೆಯ ಅಂಗಳದಲ್ಲಿ ಕೋಟೆ ತಯಾರಿತ್ತು. ಕೆಮ್ಮಣ್ಣಿನ ಗೋಡೆ, ಗರಟೆಯ ಬುರುಜು. ಭಾವ ಪರಂಗಿಯವರನ್ನು ಸಾಲು ನಿಲ್ಲಿಸಿ ಕಾಯುತ್ತಿದ್ದರು. ನಮ್ಮವರು ಒಬ್ಬೊಬ್ಬರಾಗಿ ಡಬ್ಬದಿಂದ ಹೊರಬಂದರು. ಭಾವ ತಮಾಷೆಗೆ ಬಾಯಿ ತೆರೆದವರು ಹಾಗೇ ನಿಂತರು. ಒಬ್ಬನನ್ನು ಎತ್ತಿದರು, ಇನ್ನೊಬ್ಬನನ್ನು ಎತ್ತಿದರು. ಇವ ಯಾರ ಕಡೆಯವ ಎಂದು ಕೇಳುವ ಹಾಗೇ ಇರಲಿಲ್ಲ. ಕಣ್ಣು ಮುಚ್ಚಿದರೂ ಗೊತ್ತಾಗುತ್ತಿತ್ತು.

"ಇದು ಯಾರ ಕೆಲಸ?" ಎಂದರು.

ಗಂಡ ಗಲ್ಲ ನನ್ನ ಕಡೆ ತಿರುಗಿಸಿದರು.

"ಓಹೋ! ಎಂತ ತಂಗಿ, ನಿನ್ನ ಸೈನ್ಯ ಹೊಡೆದು ಕೊಲ್ತದೋ, ವಾಸನೆಯಲ್ಲೇ ಕೊಲ್ತದೋ?"

"ನೀವು ಹತ್ರ ಬನ್ನಿ ಅಣ್ಣ, ಆಗ ಗೊತ್ತಾಗ್ತದೆ" ಎಂದುಬಿಟ್ಟೆ. ಹೊಸ ಮದುಮಗಳು ಹಾಗೆ ಅನ್ನಬಾರದಿತ್ತು. ಗಂಡನ ಅಕ್ಕ, ನನ್ನ ಅತ್ತಿಗೆ, ಅಡುಗೆಮನೆಯ ಬಾಗಿಲಲ್ಲಿ ನಿಂತು ಕಿಸಕ್ಕನೆ ನಕ್ಕರು. ನನ್ನ ಗಂಡನ ಮೀಸೆಯೂ ಸ್ವಲ್ಪ ಅಲುಗಿತು.

ಯುದ್ಧ ಶುರುವಾಯಿತು. ಸುಳ್ಳಲ್ಲ, ಮೊದಲು ನಾವೇ ಮೇಲಿದ್ದೆವು. ಕವಡೆ ನಮ್ಮ ಕಡೆ ಬಿದ್ದದ್ದೇ ಬಿದ್ದದ್ದು. ಸೊಂಟದವರೆಗೆ ಹೂತ ಮರದವರನ್ನು ಬೀಳಿಸಲು ಗಾಳಿಗೂ ಆಗಲಿಲ್ಲ. ಭಾವನ ಕಡೆ ಸತ್ತವರ ಗರಟೆ ತುಂಬುತ್ತ ಬಂತು. ಪರಂಗಿಯ ದೊಡ್ಡ ಸರದಾರ ಮತ್ತು ಅವನ ಜೊತೆಯ ನಾಲ್ಕಾರು ಜನ ಮಾತ್ರ ಕೋಟೆಯ ಬಾಗಿಲಿನಿಂದ ಸ್ವಲ್ಪ ದೂರ ಉಳಿದಿದ್ದರು. ನಮ್ಮವರು ಬಾಗಿಲು ಹಾಕಿಕೊಂಡು ಒಳಗೆ ಇರಬೇಕೋ, ಹೊರಗೆ ಹೋಗಿ ಹಿಡಿಯಬೇಕೋ? ಗಂಡ ಕವಡೆ ಮುಷ್ಟಿಯಲ್ಲಿ ಹಿಡಿದು ಬಹಳ ಹೊತ್ತು ಕೂತರು. ಆಮೇಲೆ ತಲೆ ಎತ್ತಿದರು. ಭಾವನನ್ನು ನೋಡಲಿಲ್ಲ, ಅಕ್ಕನನ್ನು ನೋಡಲಿಲ್ಲ.

"ಏ, ಈಗ ಎಂತ ಮಾಡುವ? ನೀ ಹೇಳು" ಎಂದರು. ನನ್ನ ಹತ್ತಿರ!

ಅಷ್ಟು ಜನರ ಎದುರು, ನೇರ ನನ್ನ ಮುಖ ನೋಡಿ. ನನಗೆ ಕಿವಿಯಲ್ಲಿ ಬಂದರದ ಸಮುದ್ರ ಕೇಳಿಸಿತು. ಆ ಹೊತ್ತಿಗೆ ಯಾರಾದರೂ ನನ್ನ ಹೆಸರು ಕೇಳಿದ್ದರೂ ತಪ್ಪು ಹೇಳುತ್ತಿದ್ದೆ. ಯುದ್ಧದ ಬಗ್ಗೆ ನನಗೆ ಗೊತ್ತಿದ್ದದ್ದು ಕಾಗೆ ಓಡಿಸುವಷ್ಟು. ಆದರೂ ಎದ್ದು ನಿಂತು, ಬಂದರದ ಗಂಟಲಲ್ಲಿ, "ಎಲ್ಲರನ್ನೂ ಹೊರಗೆ ಕಳಿಸಿ! ಒಬ್ಬನೂ ಒಳಗೆ ಬೇಡ!" ಎಂದು ಕೂಗಿದೆ.

ಅವರು ಹಾಗೇ ಮಾಡಿದರು. ಮರದವರನ್ನು ಮಣ್ಣಿನಿಂದ ಕಿತ್ತು, ಎಲ್ಲರನ್ನೂ ಕೋಟೆಯ ಬಾಗಿಲಿನಿಂದ ಆಚೆ ಒತ್ತೊತ್ತಾಗಿ ನಿಲ್ಲಿಸಿದರು. ಬಿಸಿಲು ಏರಿತ್ತು. ಬೂದಿಯಡಿಯ ಎಣ್ಣೆ ಕಾದು ಒಬ್ಬರಿಗೊಬ್ಬರು ಅಂಟಿಕೊಂಡರು. ಗಂಡ ಮುಂದಿನವನನ್ನು ಎರಡು ಬೆರಳು ಸರಿಸಲು ಹೋದರು. ಅವನ ಜೊತೆ ಪಕ್ಕದವ ಬಂದ, ಅವನ ಜೊತೆ ಹಿಂದಿನವ, ಮೂಗುತಿ ಹುಡುಕುವವ ಎಲ್ಲರ ಮೇಲೆ ಬಿದ್ದ, ಇಡೀ ಸೈನ್ಯ ಮರದ ಲಟ್ಟಣಿಗೆಗಳ ಸಮೇತ ದಡಬಡ ಉರುಳಿತು. ಒಬ್ಬನೂ ನಿಲ್ಲಲಿಲ್ಲ. ಬಿದ್ದವರೆಲ್ಲ ಸತ್ತ ಹಾಗೆ ಲೆಕ್ಕ. ಭಾವ ಒಂದು ಗರಟೆ ಸಾಲದೆ ಅತ್ತಿಗೆಯ ಬುಟ್ಟಿ ತರಿಸಿದರು.

ನಾನು ಸೆರಗು ಬಾಯಿಗೆ ಒತ್ತಿಕೊಂಡು ನಿಂತೆ. ಎಂಟು ದಿನದ ಮೌನ ಎಂದು ಅತ್ತೆ ಹೇಳಿದ್ದರಲ್ಲ. ಈ ಸಲದ ಸೋಲಿಗೆ ಎಂಟು ವರ್ಷ ಆದರೂ ಆಶ್ಚರ್ಯ ಇಲ್ಲ ಎಂದುಕೊಂಡೆ. ಮರಳುವ ಬಸ್ಸು ಹತ್ತಿ, ಮುಂದೆ ಹೆಂಗಸರ ಸೀಟಿಗೆ ಹೋದೆ.

ಬಸ್ಸು ಹೊರಟ ಸ್ವಲ್ಪ ಹೊತ್ತಿಗೆ ಅವರು ಹಿಂದಿನಿಂದ ಎದ್ದು, ಡಬ್ಬ ಹಿಡಿದುಕೊಂಡು, ಕಂಬಿ ಹಿಡಿಯುತ್ತ ಮುಂದೆ ಬಂದು ನನ್ನ ಪಕ್ಕ ನಿಂತರು. ಪಕ್ಕದ ಹೆಂಗಸು ವಾಸನೆಗೋ ಮರ್ಯಾದೆಗೋ, ಎದ್ದು ಜಾಗ ಬಿಟ್ಟಳು. ಅವರು ಕೂತರು.

"ಮೀನೆಣ್ಣೆ ಆಗೂದಿಲ್ಲ" ಎಂದರು. ಡಬ್ಬವನ್ನು ತೊಡೆಯ ಮೇಲೆ ಸರಿಮಾಡಿಕೊಂಡರು. ಆಮೇಲೆ, "ಬಣ್ಣ ಸರಿ ಇತ್ತು. ಮಸಿ, ಕೆಮ್ಮಣ್ಣು, ಅದು ಸರಿ. ಕಲಸೂಕೆ ಬೇರೆ ಎಂತಾದ್ರೂ ನೋಡ್ವ. ಗೇರುಮರದ ಅಂಟು ಹೇಂಗೆ? ಗೇರುಸೊಪ್ಪೆ ಬದಿಗೆ ಬೇಕಾದಷ್ಟು ಸಿಕ್ತದೆ. ಸೋಜಿರರ ಈಟಿ ಅಂತೂ ಭಾರಿ ಲಾಯ್ಕ ಬಂದಿತ್ತು, ಭಾವನ ಮುಖ ನೋಡಿದ್ಯಾ ನೀನು? ನೋಡಿದ್ಯಾ? ನಂಗೆ ಆ ಮುಖವೇ ಸಾಕು, ಗೆದ್ದ ಹಾಗೇ. ಮತ್ತೆ ಕುದುರೆ ಬೇಕು, ಕುದುರೆ ಇಲ್ದೆ ಹೊರಗೆ ಹೋಗೂಕಾಗ, ಹೋದದ್ದೇ ತಪ್ಪು..."

"ಹೋಗಿ ಅಂದದ್ದು ನಾನು" ಎಂದೆ.

"ನೀ ಅಂದೆ, ನಾ ಹೋದೆ. ಕುದುರೆ ಎಂತದ್ರಲ್ಲಿ ಮಾಡುವ, ಹೇಳು?"

ತಿಂಗಳುಗಟ್ಟಲೆ ಕಾದಿದ್ದ ಹೊತ್ತು ಬಂದಿತ್ತು. ಹೇಳಲು ನನ್ನ ಹತ್ತಿರ ರಾಶಿ ಮಾತಿತ್ತು, ಬಂದರದ ಮಾತು, ಅಪ್ಪನ ಮಾತು, ಉಪ್ಪು ಜಾಸ್ತಿ ಹಾಕಿದ ಸಾರಿನ ಮಾತು. ಒಂದೂ ಬಾಯಿಗೆ ಬರಲಿಲ್ಲ. ಅವರ ಬಾಯನ್ನೇ ನೋಡುತ್ತ "ಹೂಂ" ಎಂದೆ. ಅವರು ಕುದುರೆಯ ಕಾಲು, ಕುದುರೆಯ ಬಾಲ, ಬಾಲಕ್ಕೆ ನನ್ನ ತಲೆಕೂದಲು ಸ್ವಲ್ಪ ಕೊಟ್ಟರೆ ಆಗುತ್ತದೋ ಹೇಗೆ ಎಂದು ಹೇಳುತ್ತಲೇ ಇದ್ದರು. ಹಳದೀಪುರ ಬಂತು, ಹೋಯಿತು. ಕಂಡಕ್ಟರು ಹೊನ್ನಾವರ, ಹೊನ್ನಾವರ ಎಂದು ಕೂಗಿದ್ದು ಇಬ್ಬರಿಗೂ ಕೇಳಲಿಲ್ಲ.